ಆರು ತಂತಿಯ ತಿಮ್ಮಯ್ಯ

ತಿಮ್ಮಯ್ಯನವರನ್ನು ನಾನು ಮೂರು ವಾರ ಪೊಲೀಸರ ಕಡೆಯ ಗೂಢಚಾರ ಎಂದು ತಿಳಿದಿದ್ದೆ. ಸುಮ್ಮಸುಮ್ಮನೆ ತಿಳಿದದ್ದಲ್ಲ, ಆಧಾರಸಮೇತ ತಿಳಿದದ್ದು. ನನ್ನಂಥವರು ತಪ್ಪನ್ನೂ ಆಧಾರವಿಲ್ಲದೆ ಮಾಡುವುದಿಲ್ಲ.

ಅದು ೨೦೨೧ರ ಫೆಬ್ರುವರಿ. ಮನೆಯಿಂದ ಐದು ಕಿಲೋಮೀಟರ್ ಆಚೆಗೆ ಕಾಲಿಟ್ಟರೆ ದಂಡ ಹಾಕುವ ಕಾಲ. ಐರ್ಲೆಂಡಿನ ನೇಸ್ ಊರಿನ ರೌಂಡ್‌ಅಬೌಟಿನಲ್ಲಿ ಗಾರ್ಡಾಗಳು, ಎಂದರೆ ಇಲ್ಲಿನ ಪೊಲೀಸರು, ಕಾರು ನಿಲ್ಲಿಸಿ ಎಲ್ಲಿಗೆ ಹೊರಟಿರಿ ಎಂದು ಕೇಳುತ್ತಿದ್ದರು. ಹಾಲಿಗೆ ಹೊರಟವನೂ ಕಳ್ಳನ ಮುಖ ಹೊತ್ತೇ ಹೋಗಬೇಕು. ಕೆಮ್ಮಿದವನನ್ನು ಕಂಡರೆ ಅನುಮಾನ. ಕೆಮ್ಮದವನನ್ನು ಕಂಡರೆ, ಇವನು ಕೆಮ್ಮು ತಡೆದುಕೊಂಡಿದ್ದಾನೆ ಎಂಬ ಅನುಮಾನ.

ನಾನು ಮೇಲಂತಸ್ತಿನ ಸಣ್ಣ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದೆ. ಕಿಟಕಿಯಾಚೆ ನಮ್ಮ ಬಡಾವಣೆಯ ಕೊನೆ, ಅಲ್ಲೊಂದು ತಂತಿಬೇಲಿ, ಬೇಲಿಯಾಚೆ ಕುದುರೆ ಸಾಕುವ ಫಾರಂ ಒಂದರ ಹುಲ್ಲುಗಾವಲು. ಆ ಬೇಲಿಯ ಹತ್ತಿರ ದಿನಾ ಬೆಳಗ್ಗೆ ಎಂಟಕ್ಕೆ ಒಬ್ಬ ಮನುಷ್ಯ ಬರುತ್ತಿದ್ದ. ಹೊಳೆಯುವ ಹಳದಿ ಜಾಕೆಟ್ಟು, ಹುಬ್ಬಿನ ತನಕ ಉಲನ್ ಟೋಪಿ, ಮೂಗಿನ ಮೇಲೆ ಮಾಸ್ಕು, ನಡುವೆ ಬರೀ ಎರಡು ಕಣ್ಣು. ಬಂದವನು ತಂತಿಯನ್ನು ಸ್ಪ್ಯಾನರಿನಿಂದ ಟಣ್ ಎನ್ನಿಸಿ, ಕಂಬಕ್ಕೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ಪುಟ್ಟ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಆಮೇಲೆ ತಲೆಯೆತ್ತಿ, ಒಂದು ಕಣ್ಣು ಮುಚ್ಚಿ, ನಮ್ಮ ಮನೆಗಳನ್ನು ಒಂದೊಂದಾಗಿ ನೋಡುತ್ತಿದ್ದ.

ನೀವೇ ಹೇಳಿ.

ನಾನು ನಿವಾಸಿಗಳ ಸಂಘದ ಕಾರ್ಯದರ್ಶಿ ಬೇರೆ. ಜೂಮ್ ಮೀಟಿಂಗಿನಲ್ಲಿ ನನ್ನನ್ನು ಸರ್ವಾನುಮತದಿಂದ ಆರಿಸಿದ್ದರು. ಮೀಟಿಂಗಿಗೆ ಬಂದಿದ್ದವರು ನಾಲ್ಕು ಜನ, ಅದರಲ್ಲೂ ಒಬ್ಬರ ಮೈಕು ಕೆಟ್ಟಿತ್ತು. ಆದರೂ ಅಧಿಕಾರ ಅಧಿಕಾರವೇ. ಆ ಮನುಷ್ಯನ ಫೋಟೋ ತೆಗೆದು ಸಂಘದ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ: ‘ಅನುಮಾನಾಸ್ಪದ ವ್ಯಕ್ತಿ. ಎಲ್ಲರೂ ಎಚ್ಚರದಿಂದಿರಿ. ಸತ್ಯಪ್ರಕಾಶ್, ಕಾರ್ಯದರ್ಶಿ.’ ಪಕ್ಕದ ಮನೆಯ ಬ್ರೀಡಾ, ಎಪ್ಪತ್ತು ದಾಟಿದ ಒಂಟಿ ಹೆಂಗಸು, ಅರ್ಧ ನಿಮಿಷದಲ್ಲಿ ಉತ್ತರ ಕಳಿಸಿದರು. ‘ಮಂಗಳವಾರವೂ ಬಂದಿದ್ದ. ನಮ್ಮನ್ನು ಲೆಕ್ಕ ಹಾಕುತ್ತಿದ್ದಾನೆ.’

ಲೆಕ್ಕ ಹಾಕಲು ಕಾರಣವೂ ಇತ್ತೆನ್ನಿ. ಆ ಬೇಲಿ ಒಂದು ಕಡೆ ಹರಿದಿತ್ತು. ಅಲ್ಲಿ ನುಸುಳಿದರೆ ಹುಲ್ಲುಗಾವಲಿನ ಅಂಚಿನಲ್ಲೇ ನಡೆದು ಕಾಲುವೆಯ ದಂಡೆಗೆ ಐದು ನಿಮಿಷ. ರಸ್ತೆಯಲ್ಲಿ ಹೋದರೆ ಇಪ್ಪತ್ತು. ಬಡಾವಣೆಯವರು ಯಾರೂ ಆ ದಾರಿಯಲ್ಲಿ ಹೋಗುವುದಿಲ್ಲ ಎನ್ನುವುದು ಸಂಘದ ಅಧಿಕೃತ ನಿಲುವು. ಹುಲ್ಲು ಸವೆದು ಕಾಲುದಾರಿ ಬಿದ್ದದ್ದು ಹೇಗೆ ಎಂಬುದರ ಬಗ್ಗೆ ಸಂಘ ನಿಲುವು ತಳೆದಿರಲಿಲ್ಲ. ನಾನಂತೂ ದಿನಾ ವಾಕಿಂಗಿಗೆ ಅಲ್ಲಿಂದಲೇ ನುಸುಳುತ್ತಿದ್ದೆ.

ಮಾರ್ಚ್ ತಿಂಗಳ ಮೊದಲ ಶನಿವಾರ ಆ ಮನುಷ್ಯ ಹರಿದ ಜಾಗದಲ್ಲಿ ಹೊಸ ಕಂಬ ನೆಟ್ಟು, ಬುಡಕ್ಕೆ ಕಾಂಕ್ರೀಟ್ ಸುರಿದು, ತುಂಡಾಗಿದ್ದ ಆರು ತಂತಿಗಳನ್ನೂ ಕೂಡಿಸಿದ. ಕೂಡಿಸಿದ ಕಡೆಯೆಲ್ಲ ಒಂದೊಂದು ಪುಟ್ಟ ಲೋಹದ ಡಬ್ಬಿ. ಮಧ್ಯಾಹ್ನ ಮೂರಕ್ಕೆ ಹೊರಟುಹೋದ. ಮೂರೂ ಕಾಲಿಗೆ ನಾನು ಅಲ್ಲಿದ್ದೆ.

ಡಬ್ಬಿ ಹೆಬ್ಬೆರಳಿನಷ್ಟು ದಪ್ಪ. ಒಂದು ಕಡೆಯಿಂದ ಒಂದು ತಂತಿ ಒಳಗೆ ಹೊಕ್ಕು ಆಚೆ ಬಂದಿತ್ತು, ಎದುರು ಕಡೆಯಿಂದ ಇನ್ನೊಂದು. ಮೈಮೇಲೆ ಏನೋ ನಂಬರು. ಪಕ್ಕದಲ್ಲಿ ಸೂಜಿ ತೂರುವಷ್ಟು ರಂಧ್ರ. ಇಪ್ಪತ್ತೆರಡು ವರ್ಷ ಸಾಫ್ಟ್‌ವೇರಿನಲ್ಲಿ ಕಳೆದವನಿಗೆ ಇಷ್ಟು ಸಾಕು. ಒಳಗೆ ಸೆನ್ಸರ್ ಇದೆ, ತಂತಿಯೇ ಅದರ ಏರಿಯಲ್ಲು, ನುಸುಳಿದವರ ಫೋನು ಗುರುತಿಸಿ ಠಾಣೆಗೆ ಸುದ್ದಿ ಮುಟ್ಟಿಸುವ ಏರ್ಪಾಡು ಇದು ಎಂದು ನಿಂತ ನಿಲುವಿನಲ್ಲೇ ಪತ್ತೆ ಹಚ್ಚಿದೆ. ರಂಧ್ರ ಇರುವುದು ರೀಸೆಟ್ ಮಾಡಲಿಕ್ಕೆ. ಮನೆಯ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಇಲ್ಲವೇ, ಹಾಗೆ. ನನ್ನ ಕೀಗೊಂಚಲಿನಲ್ಲಿ ಫೋನಿನ ಸಿಮ್ ತೆಗೆಯುವ ಪಿನ್ ಸದಾ ನೇತಾಡುತ್ತಿತ್ತು. ಎಲ್ಲದಕ್ಕೂ ಸಿದ್ಧನಿರುವ ಮನುಷ್ಯ ಎಂದು ಆಫೀಸಿನಲ್ಲಿ ನನಗೆ ಹೆಸರು. ಆ ಹೆಸರು ಇಟ್ಟವನೂ ನಾನೇ.

ಪಿನ್ ಬಿಡಿಸಿಕೊಂಡು ತೂರಿಸಿದೆ. ಒಳಗೆ ಏನೋ ಮೆತ್ತಗೆ ಹಿಂದೆ ಸರಿಯಿತು. ತಂತಿ ಜಗ್ಗಿದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಚೆ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದೇ ಸ್ಯಾಂಪಲ್ ನೋಡಿ ತೀರ್ಮಾನಕ್ಕೆ ಬರಬಾರದು ಎಂದು ಕಿರಿಯರಿಗೆ ಪಾಠ ಹೇಳುವವನು ನಾನು. ಆರಕ್ಕೆ ಆರನ್ನೂ ರೀಸೆಟ್ ಮಾಡಿದೆ. ಆರನೆಯದು ಬಿಟ್ಟುಕೊಂಡಾಗ ಅಲ್ಲಿ ಬೇಲಿಯೇ ಇರಲಿಲ್ಲ.

ಆಗ ಮೊದಲ ಬಾರಿಗೆ ಅನುಮಾನ ಬಂತು: ಇದು ಬರೀ ಬೇಲಿ ಇರಬಹುದೇ?

ಮತ್ತೆ ತೂರಿಸಲು ನೋಡಿದೆ. ಯಾವ ತಂತಿ ಯಾವ ತೂತಿಗೆ, ಯಾವ ದಿಕ್ಕಿನಿಂದ, ಒಂದೂ ತಿಳಿಯಲಿಲ್ಲ. ಗಾಬರಿಯಲ್ಲಿ ಪಿನ್ ಎಲ್ಲೋ ಬಿತ್ತು. ತಂತಿಗಳನ್ನು ಹುಲ್ಲಿನ ಮೇಲೆ ಸಾಲಾಗಿ ಜೋಡಿಸಿಟ್ಟು, ಮನೆಗೆ ಬಂದು, ನಿಯಮದ ಪ್ರಕಾರ ಇಪ್ಪತ್ತು ಸೆಕೆಂಡು ಕೈ ತೊಳೆದು, ಸುಮ್ಮನೆ ಕುಳಿತೆ.

ಮರುದಿನ ಭಾನುವಾರ. ಬೆಳಗ್ಗೆ ಒಂಬತ್ತಕ್ಕೆ ನನ್ನ ಮಗಳು ಅನನ್ಯಾ ಕೆಳಗಿನಿಂದ ಕೂಗಿದಳು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಈ ಊರಿನ ಇಂಗ್ಲಿಷು.

“ಡ್ಯಾಡ್, ದೇರ್ಸ್ ಎ ಹಾರ್ಸ್ ಈಟಿಂಗ್ ಅಮ್ಮಾಸ್ ಕರಿಬೇವು, ಲೈಕ್.”

ಕ್ಯಾಸಲ್‌ನಾಕಿನಲ್ಲಿರುವ ಗೆಳತಿ ಪಾರ್ವತಿ ಕೊಟ್ಟಿದ್ದ ಗಿಡ ಅದು. ನನ್ನ ಹೆಂಡತಿ ನಾಗಮಣಿ ನಾಲ್ಕು ವರ್ಷ ಹೀಟರಿನ ಪಕ್ಕದಲ್ಲಿ ಕೂರಿಸಿ ಬಾಣಂತಿಯ ಹಾಗೆ ನೋಡಿಕೊಂಡಿದ್ದಳು. ವರ್ಷದ ಮೊದಲ ಬಿಸಿಲು ಎಂದು ಅವತ್ತೇ ಮುಂಬಾಗಿಲ ಮೆಟ್ಟಿಲ ಮೇಲೆ ಇಟ್ಟಿದ್ದಳು. ಈಗ ಅದರ ಮುಂದೆ ಕಂದು ಬಣ್ಣದ ದೊಡ್ಡದೊಂದು ಗಬ್ಬದ ಕುದುರೆ ನಿಂತು, ಒಗ್ಗರಣೆಗೆ ಬಿಡಿಸಿದಂತೆ ಎಲೆ ಎಲೆಯಾಗಿ ಬಿಡಿಸಿ ತಿನ್ನುತ್ತಿತ್ತು.

ಅಷ್ಟರಲ್ಲಿ ಹಳದಿ ಜಾಕೆಟ್ಟಿನ ಮನುಷ್ಯ ಎಡಗಾಲು ಎಳೆಯುತ್ತಾ ಓಡಿಬಂದ. ಹತ್ತು ಹೆಜ್ಜೆ ದೂರದಲ್ಲಿ ನಿಂತು, ಉಸಿರು ತಡೆದು, ಮಾಸ್ಕು ಕೆಳಗಿಳಿಸಿದ.

“ಬಾರವ್ವ ಗೌರಿ. ಬಾ ನನ್ನವ್ವ. ಯಾವ ಮನೆಹಾಳ ಬಿಟ್ನೇ ನಿನ್ನ? ಮೆತ್ತಗೆ ಬಾ, ಹೊಟ್ಟೆಯಾಗೆ ಕೂಸೈತೆ.”

ಕುದುರೆ ಕಿವಿ ತಿರುಗಿಸಿತು. ನಾಗಮಣಿ ನನ್ನ ತೋಳು ಹಿಡಿದಳು. “ರೀ! ನಿಮ್ಮ ಗೂಢಚಾರ ಕನ್ನಡ ಮಾತಾಡ್ತಿದಾರೆ!”

ಆ ಮನುಷ್ಯ ಗೌರಿಯ ಕೊರಳಿಗೆ ಹಗ್ಗ ಹಾಕಿದ ಮೇಲೇ ನಮ್ಮ ಕಡೆ ತಿರುಗಿದ್ದು. “ಓಹೋ, ನಮ್ಮೋರೇ. ಅಕ್ಕಾವ್ರೆ, ಗಿಡ ತಿಂದ್ಬುಟ್ಲಲ್ಲ. ಬುಡ ಐತೆ ಬಿಡಿ, ಚಿಗುರ್ತದೆ. ಸಾರ್, ಎರಡು ಮೀಟರ್ ದೂರ ನಿಂತ್ಕಳಿ. ಕರೋನಾಕ್ಕಲ್ಲ, ಒದ್ದಾಳು.”

ತಿಮ್ಮಯ್ಯ, ಕುಣಿಗಲ್ಲಿನವರು. ಹೆಸರು ಹೇಳುವಷ್ಟರಲ್ಲಿ ಫಾರಮ್ಮಿನ ಮ್ಯಾನೇಜರ್ ಡೆಕ್ಲನ್ ಜೀಪಿನಲ್ಲಿ ಬಂದ. ಕೆಂಪು ಮುಖದ, ಮಾತಿಗೆ ಜಿಪುಣನಾದ ಮನುಷ್ಯ. ಕುದುರೆಯ ಹೊಟ್ಟೆ, ಕಾಲು, ಗೊರಸು ಎಲ್ಲ ಮುಟ್ಟಿ ನೋಡಿದ. ಒಂದು ಗೀರೂ ಇರಲಿಲ್ಲ. ಆಮೇಲೆ ತಿಮ್ಮಯ್ಯನವರತ್ತ ತಿರುಗಿದ.

“ಟಿಮ್ಮಿ, ಸೋಮವಾರದ ತನಕ ಬೇಲಿ ನಿಲ್ಲುತ್ತೆ ಅಂದಿದ್ದೆ.”

“ನಿಂತಿತ್ತು ಬಾಸ್. ಯಾರೋ ಬಿಚ್ಚಿದ್ದಾರೆ.”

“ಬೇಲಿ ಬಿಚ್ಚೋಕೆ ಯಾರಿಗೆ ಹುಚ್ಚು ಹಿಡಿದಿದೆ?” ಡೆಕ್ಲನ್ ಮನೆಗಳಾಚೆಯ ದೊಡ್ಡ ರಸ್ತೆಯನ್ನು ತೋರಿಸಿದ. “ಲಾಕ್‌ಡೌನ್ ಇಲ್ಲದಿದ್ದರೆ ಅಲ್ಲಿ ಲಾರಿ ಇರುತ್ತಿತ್ತು. ಈ ಕುದುರೆ ಅದರ ಕೆಳಗಿರುತ್ತಿತ್ತು. ಶುಕ್ರವಾರ ಮಾತಾಡೋಣ.”

ನಾನು ಕಾರ್ಯದರ್ಶಿಯ ಗಾಂಭೀರ್ಯದಿಂದ ತಲೆಯಾಡಿಸಿದೆ. ಆಡಿಸಬಾರದಿತ್ತು. “ನೀವೇ ಅಲ್ಲವೇ ಸಂಘದವರು? ನಿಮ್ಮ ಕಡೆಯವರು ಯಾರಾದರೂ ಮಾಡಿದ್ದಾರಾ ವಿಚಾರಿಸಿ ಶುಕ್ರವಾರ ತಿಳಿಸಿ” ಎಂದ ಡೆಕ್ಲನ್. ಹೀಗೆ ಬೇಲಿ ಬಿಚ್ಚಿದವನನ್ನು ಹಿಡಿಯುವ ಕೆಲಸ ಬೇಲಿ ಬಿಚ್ಚಿದವನಿಗೇ ಬಂತು.

ಶುಕ್ರವಾರ ಏನು ಎಂಬುದು ನನಗೆ ತಿಳಿದದ್ದು ಸೋಮವಾರ. ಪಾಪಪ್ರಜ್ಞೆಯನ್ನು ಉಪ್ಪಿಟ್ಟಿನ ಡಬ್ಬಿಯಲ್ಲಿ ತುಂಬಿಕೊಂಡು ಮಧ್ಯಾಹ್ನ ಬೇಲಿಯ ಹತ್ತಿರ ಹೋದೆ. ತಿಮ್ಮಯ್ಯ ತಂತಿಯ ಸುರುಳಿಯ ಮೇಲೆ ಕುಳಿತಿದ್ದರು. ನಾನು ಈಚೆ, ಅವರು ಆಚೆ.

“ಕರಿಬೇವಿಲ್ಲ,” ಎಂದರು ಒಂದು ತುತ್ತು ತಿಂದು.

“ನಿಮ್ಮ ಗೌರಿಯನ್ನು ಕೇಳಿ.”

ನಕ್ಕರು. ನಗುವಾಗಲೂ ಕಣ್ಣು ನನ್ನ ಮೇಲಿತ್ತು.

ಅವರ ಅಪ್ಪ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿದ್ದವರು. ಇವರು ಹದಿನೇಳಕ್ಕೆ ಅಲ್ಲೇ ಸೇರಿ, ಇಪ್ಪತ್ತೈದು ವರ್ಷ ಕುದುರೆಗಳ ಹೆರಿಗೆ, ಮೈತೊಳೆತ, ಓಡಾಟ ಎಲ್ಲ ನೋಡಿಕೊಂಡವರು. ಊರಿಗೆ ಬಂದಿದ್ದ ಐರಿಶ್ ತರಬೇತುದಾರನೊಬ್ಬ ಇವರ ಕೈ ನೋಡಿ, ಬರ್ತೀಯಾ ಎಂದು ಕೇಳಿದ. ೨೦೧೯ರಲ್ಲಿ ಎರಡು ವರ್ಷದ ವರ್ಕ್ ಪರ್ಮಿಟ್ ಮೇಲೆ ಬಂದರು. ಮೊದಲ ಚಳಿಗಾಲದಲ್ಲೇ ಒಂದು ಎಳೆ ಕುದುರೆ ಎಡಮಂಡಿಗೆ ಒದೆಯಿತು. ಅಂದಿನಿಂದ ಸವಾರಿ ಬಿಟ್ಟು ಹೆರಿಗೆಯ ಕೊಟ್ಟಿಗೆ ಮತ್ತು ಬೇಲಿ.

“ನಾನು ಯಾರನ್ನೂ ನಂಬಲ್ಲ ಸಾರ್. ಹಿಂದ್ಗಡೆ ನಿಂತ್ಕಂಡು ನಂಬಿದ್ದಕ್ಕೇ ಮಂಡಿ ಹೋಗಿದ್ದು.”

“ಈ ಸಣ್ಣ ಡಬ್ಬಿ ಏನು?” ಎಂದೆ, ಜನ್ಮದಲ್ಲಿ ಕಂಡಿಲ್ಲದವನ ಹಾಗೆ.

“ಇಲ್ಲಿನೋರು ಜಾಯ್ನರ್ ಅಂತಾರೆ. ನಾನು ಉಡ ಅಂತೀನಿ. ಊರಾಗೆ ನಾವು ತಂತಿ ತುಂಡಾದ್ರೆ ಗಂಟು ಹಾಕಿ, ಇಕ್ಕಳದಾಗೆ ತಿರುಚಿ, ಹಾರೆ ಕೊಟ್ಟು ಎಳೀತಿದ್ವಿ. ಗಂಟಿನ ತಾವೇ ಮತ್ತೆ ತುಂಡಾಗೋದು. ಇದ್ರಾಗೆ ತಂತಿ ಮುಂದಕ್ಕೆ ಹೋಗ್ತದೆ, ಹಿಂದಕ್ಕೆ ಬರಲ್ಲ. ಒಳಗೆ ಒಂದು ಗುಂಡು ಐತೆ, ಎಳೆದಷ್ಟೂ ಕಚ್ಕಳ್ತದೆ. ಉಡ ಗೋಡೆ ಹಿಡ್ದಂಗೆ.” ಉದ್ದ ಹಿಡಿಕೆಯ ಇಕ್ಕಳದಂಥ ಒಂದು ಸಾಧನ ಎತ್ತಿ ತೋರಿಸಿದರು. “ಇದು ಎಳೆಯೋ ಮಿಷಿನ್ನು. ಇದನ್ನ ಹಾಕಿ ಬಿಗಿದ್ರೆ ದೇವ್ರು ಬಂದ್ರೂ ಬಿಚ್ಚಾಕಾಗಲ್ಲ. ಆದ್ರೆ ಶನಿವಾರ ಹೊಸ ಕಂಬದ ಕಾಂಕ್ರೀಟು ಹಸಿ ಇತ್ತು. ಆಗಲೇ ಬಿಗಿದ್ರೆ ಕಂಬ ವಾಲ್ತದೆ. ಕೈಯಾಗೆ ಎಳೆದು ಬಿಟ್ಟಿದ್ದೆ. ಅದೊಂದು ದಿವಸ ಮಾತ್ರ, ಆ ತೂತಿಗೆ ಕಡ್ಡಿ ಹಾಕಿದ್ರೆ ಬಿಡ್ತಿತ್ತು.”

ಬೇರೆ ಯಾವ ದಿನ ಹೋಗಿದ್ದರೂ ನನ್ನಿಂದ ಏನೂ ಆಗುತ್ತಿರಲಿಲ್ಲ. ನನ್ನ ಜಾತಕದಲ್ಲಿ ಶನಿವಾರವೇ ಬರೆದಿತ್ತು.

ಮಾತು ಬದಲಿಸಲು, ತಂತಿಗೆ ಕಿವಿ ಕೊಡುವುದೇಕೆ ಎಂದು ಕೇಳಿದೆ. ಅವರಪ್ಪ ಏಕತಾರಿ ಹಿಡಿದು ತತ್ವಪದ ಹೇಳುತ್ತಿದ್ದರಂತೆ. ತಂತಿ ಸಡಿಲವಾದರೆ ದನಿ ಮಂಕಾಗುತ್ತದೆ ಎಂಬುದು ಎಂಟನೆಯ ವಯಸ್ಸಿಗೇ ಗೊತ್ತಾಗಿತ್ತು. ನೋಟ್‌ಬುಕ್ಕಿನಲ್ಲಿ ಇರುವುದು ಯಾವ ಕಂಬದ ತಂತಿ ಯಾವತ್ತು ಮಂಕಾಯಿತು ಎಂಬ ವಿವರ.

“ಮತ್ತೆ ನಮ್ಮ ಮನೆಗಳನ್ನ ನೋಡ್ತಿದ್ರಲ್ಲ?”

“ನಿಮ್ಮನೆ ಚಿಮಣಿಗೆ ಗುರಿ ಹಿಡೀತಿದ್ದೆ, ಕಂಬ ನೆಟ್ಟಗೈತಾ ಅಂತ.” ಸ್ವಲ್ಪ ತಡೆದು, “ನೀವು ಕಿಟಕಿಯಾಗೆ ಫೋನ್ ಹಿಡ್ಕಂಡು ನಿಂತಿರ್ತಿದ್ರಿ. ಬಡವ, ನೆಟ್‌ವರ್ಕ್ ಸಿಗಲ್ಲ ಅಂತ ಕಾಣ್ತದೆ ಅಂದ್ಕಂಡಿದ್ದೆ” ಎಂದರು.

ಆಮೇಲೆ ಶುಕ್ರವಾರದ ಮಾತು ಬಂತು. ಪರ್ಮಿಟ್ಟು ಏಪ್ರಿಲ್ಲಿಗೆ ಮುಗಿಯುತ್ತದೆ. ಮುಂದುವರಿಸಲು ಡೆಕ್ಲನ್ ಸಹಿ ಹಾಕಿದ ಕಾಗದ ಬೇಕು, ಅದನ್ನು ಶುಕ್ರವಾರ ಕಳಿಸಬೇಕು. ಅದೇ ಕಾಗದದ ಮೇಲೆ ಹೆಂಡತಿ ತುಂಗಮ್ಮನ ವೀಸಾ ನಿಂತಿದೆ. ಅರ್ಜಿ ಹಾಕಿ ಒಂದು ವರ್ಷವಾಯಿತು.

“ಡೆಕ್ಲನ್ ಕೆಟ್ಟೋನಲ್ಲ. ಆದ್ರೆ ಬೇಲಿ ಹಾಕೋನ ಬೇಲಿ ನಿಲ್ಲಲ್ಲ ಅಂದ್ರೆ ಯಾಕ್ ಮಡಿಕ್ಕಂತಾನೆ? ಕಾಗದ ಸಿಕ್ರೆ ತುಂಗಮ್ಮ ಬರ್ತಾಳೆ. ಸಿಗದಿದ್ರೆ ನಾನು ಹೋಗ್ಬೇಕು. ಹೋಗಾಕೆ ವಿಮಾನ ಎಲ್ಲೈತೆ?”

ನಾನು ಡಬ್ಬಿ ಮುಚ್ಚಲು ಹೋದೆ.

“ಒಂದ್ ಮಾತು ಸಾರ್. ಭಾನುವಾರ ಮೊದಲು ಬಂದೋನು ನಾನು. ಆಮೇಲೆ ಗೌರಿ ಜೊತೆಗಿರೋ ಕತ್ತೆ ಆಚೆ ಹೋದೀತು ಅಂತ ತಂತಿ ಎಲ್ಲ ಮತ್ತೆ ಕೂಡಿಸ್ಬುಟ್ಟೆ, ಡೆಕ್ಲನ್ನು ಏನೂ ನೋಡ್ಲಿಲ್ಲ. ಆದ್ರೆ ನಾನು ನೋಡಿದ್ದೆ. ಕಳ್ಳ ಆಗಿದ್ರೆ ತಂತಿ ಕತ್ತರಿಸ್ತಿದ್ದ. ಕುಡುಕ ಆಗಿದ್ರೆ ಒದೀತಿದ್ದ. ಇವ್ನು ಆರನ್ನೂ ಬಿಚ್ಚಿ, ಒಗೆದ ಬಟ್ಟೆ ಮಡಚಿದಂಗೆ ಸಾಲಾಗಿ ಜೋಡ್ಸಿ ಮಡಗವ್ನೆ.” ಕೊನೆಯ ಉಪ್ಪಿಟ್ಟು ನುಂಗಿದರು. “ಓದಿದೋನು ಸಾರ್.”

ಮಂಗಳವಾರ ನಾನು ವರದಿ ಬರೆದೆ. ಮೂರು ಪುಟ. ಇಂಗ್ಲಿಷಿನಲ್ಲಿ ಎಷ್ಟು ಚೆನ್ನಾಗಿತ್ತೆಂದರೆ, ಓದಿದವರಿಗೆ ಬೇಲಿ ಎಂಬುದೊಂದು ಇತ್ತೋ ಇಲ್ಲವೋ ಎಂಬ ಸಂಶಯವೇ ಬರುತ್ತಿತ್ತು. ತೇವಾಂಶ, ಗಾಳಿಯ ವೇಗ, ಉಷ್ಣಾಂಶದ ಏರಿಳಿತ, ಹೊಣೆ ಯಾರ ಮೇಲೂ ಇಲ್ಲ. ಗುಂಪಿನಲ್ಲಿ ಇತರರೂ ಸುಮ್ಮನಿರಲಿಲ್ಲ. ಅಂಚೆಯವನು ಎಂದರು ಒಬ್ಬರು. ಹದಿನಾಲ್ಕನೆಯ ನಂಬರಿನ ಮನೆಗೆ ಬರುವ ಪಿಜ್ಜಾದವನು ಎಂದರು ಮತ್ತೊಬ್ಬರು. ಹದಿನಾಲ್ಕರವರು ಕೋಪಿಸಿಕೊಂಡು ಗುಂಪು ಬಿಟ್ಟರು. ಬಿಟ್ಟದ್ದೇ ಸಾಕ್ಷಿ ಎಂದರು ಬ್ರೀಡಾ.

ಬುಧವಾರ ಸಂಜೆ ಬಾಗಿಲು ತಟ್ಟಿದ ಸದ್ದು. ತಿಮ್ಮಯ್ಯ, ಎರಡು ಮೀಟರ್ ದೂರದಲ್ಲಿ, ಕೈಯಲ್ಲಿ ಫೋನು.

“ಸಾರ್, ಫೋನಿನ ಸಿಮ್ ಬದಲಾಯಿಸ್ಬೇಕಿತ್ತು. ಅದನ್ನ ತೆಗೆಯೋ ಪಿನ್ ಇರ್ತದಲ್ಲ, ನಿಮ್ಮ ತಾವ ಐತಾ?”

“ಇಲ್ಲ. ನಮ್ಮ ಮನೇಲಿ ಅಂಥದ್ದು ಇಟ್ಕೊಳ್ಳೋದೇ ಇಲ್ಲ.”

ಒಳಗಿನಿಂದ ನಾಗಮಣಿ ಕೈ ಒರೆಸಿಕೊಳ್ಳುತ್ತಾ ಬಂದಳು. “ಅಯ್ಯೋ, ನಿಮ್ಮ ಕೀ ಬಂಚಲ್ಲಿ ಯಾವಾಗ್ಲೂ ನೇತಾಡ್ತಿರತ್ತಲ್ಲ ರೀ! ಹೋದ ವಾರ ಪೂರ್ತಿ ಅದರಲ್ಲೇ ಕಿವಿ ಕೆರ್ಕೋತಿದ್ರಿ.”

ನಾವು ಮೂವರೂ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ಕೀಗೊಂಚಲನ್ನು ನೋಡಿದೆವು. ಮನೆ ಕೀ, ಕಾರ್ ಕೀ, ತಿರುಪತಿ ತಿಮ್ಮಪ್ಪನ ಬಿಲ್ಲೆ. ಬಿಲ್ಲೆಯ ಪಕ್ಕ ಖಾಲಿ ಉಂಗುರ.

“ಕಳೆದುಹೋಗಿರಬೇಕು,” ಎಂದೆ.

“ಇರ್ಬೇಕು,” ಎಂದರು ತಿಮ್ಮಯ್ಯ. “ಬರ್ತೀನಿ ಅಕ್ಕಾವ್ರೆ.” ಕಾಲೆಳೆಯುತ್ತಾ ಹೋದರು. ಫೋನನ್ನು ಜೇಬಿಗಿಡುವಾಗ ನೋಡಿದೆ. ಬಟನ್ನು ಒತ್ತುವ ಹಳೆಯ ಕಾಲದ ಫೋನು. ಅದಕ್ಕೆ ಪಿನ್ ಬೇಕಾಗಿಯೇ ಇರಲಿಲ್ಲ. ಹಿಂದಿನ ಮುಚ್ಚಳ ತೆಗೆದರೆ ಸಾಕು.

ಗುರುವಾರ ನಾನು ಆಫೀಸಿನ ಯಾವ ಮೀಟಿಂಗಿನಲ್ಲೂ ಬಾಯಿ ಬಿಡಲಿಲ್ಲ. ಕೋವಿಡ್ ಬಂತೇ ಎಂದು ನಮ್ಮ ಕಚೇರಿಯವರು ಕಾಳಜಿಯಿಂದ ವಿಚಾರಿಸಿದರು. ತಿಮ್ಮಯ್ಯನವರಿಗೆ ಗೊತ್ತಾಗಿದೆಯೇ? ಗೊತ್ತಾಗಿದ್ದರೆ ಡೆಕ್ಲನ್ನಿಗೆ ಯಾಕೆ ಹೇಳಿಲ್ಲ? ಹೇಳಿಲ್ಲ ಎಂದರೆ ಏನೋ ಹುನ್ನಾರ ಇರಬೇಕು. ಮೂರು ವಾರ ಅವರ ಮೇಲೆ ಅನುಮಾನಪಟ್ಟದ್ದಕ್ಕಿಂತ ಆ ಒಂದು ದಿನ ಹೆಚ್ಚು ಅನುಮಾನಪಟ್ಟೆ. ಕಿಟಕಿಯ ಹತ್ತಿರ ಹೋದರೆ ಅವರು ಅಲ್ಲಿ ಕಂಬಕ್ಕೆ ಕಿವಿಯಿಟ್ಟು, ಒಂದು ಕಣ್ಣು ಮುಚ್ಚಿ, ನಮ್ಮ ಚಿಮಣಿಯನ್ನು ನೋಡುತ್ತಿದ್ದರು. ಚಿಮಣಿಯನ್ನೋ, ನನ್ನನ್ನೋ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾಗಮಣಿ ಸಾರು ಬಡಿಸುವುದನ್ನು ನಿಲ್ಲಿಸಿ ಸೌಟು ಹಿಡಿದೇ ಕೇಳಿದಳು. “ಪಿನ್ ಎಲ್ಲಿ?”

ಹೇಳಿದೆ. ಸೆನ್ಸರಿನಿಂದ ಹಿಡಿದು ಇಪ್ಪತ್ತು ಸೆಕೆಂಡು ಕೈ ತೊಳೆದದ್ದರ ತನಕ.

ಅವಳು ಸೌಟನ್ನು ಪಾತ್ರೆಗೆ ಹಾಕಿದಳು. “ನಾಳೆ ಹೋಗಿ ಹೇಳ್ತೀರಿ. ಇಲ್ಲಾಂದ್ರೆ ನಾನು ಹೇಳ್ತೀನಿ. ನಾನು ಹೇಳೋದಾದ್ರೆ ಕರಿಬೇವಿನಿಂದ ಶುರು ಮಾಡ್ತೀನಿ.”

ಶುಕ್ರವಾರ ಹತ್ತಕ್ಕೆ ಬೇಲಿಯ ಹತ್ತಿರ ಹೋದೆ. ಡೆಕ್ಲನ್ ಕೈಯಲ್ಲಿ ಒಂದು ಕಂದು ಲಕೋಟೆ. ತಿಮ್ಮಯ್ಯ ಕಂಬದ ಪಕ್ಕ, ಟೋಪಿ ತೆಗೆದು ನಿಂತಿದ್ದರು. ಟೋಪಿಯಿಲ್ಲದ ಅವರ ತಲೆಯನ್ನು ಅವತ್ತೇ ಮೊದಲು ನೋಡಿದ್ದು, ಕೂದಲೆಲ್ಲ ನರೆತಿತ್ತು. ಗೌರಿ ದೂರದಲ್ಲಿ ಮೇಯುತ್ತಿತ್ತು.

ನಾನು ವರದಿಯ ಪೀಠಿಕೆಯಿಂದ ಆರಂಭಿಸಿದೆ. ಗಾಳಿಯ ವೇಗಕ್ಕೆ ಬರುವಷ್ಟರಲ್ಲಿ ಡೆಕ್ಲನ್ ವಾಚು ನೋಡಿದ.

“ಹಾಗಾದರೆ ನಿಮ್ಮ ಕಡೆಯವರು ಯಾರೂ ಅಲ್ಲ. ಜಾಯಿಂಟೇ ಬಿಟ್ಟಿದೆ,” ಎಂದ. “ಟಿಮ್ಮಿ, ನೀನು ಒಳ್ಳೆಯವನು. ಆದರೆ ನಾನು ಈ ಕಾಗದದಲ್ಲಿ ಇವನ ಕೆಲಸದ ಮೇಲೆ ನನಗೆ ನಂಬಿಕೆ ಇದೆ ಎಂದು ಬರೆಯಬೇಕು.” ಲಕೋಟೆಯನ್ನು ಮಡಚಿ ಜೇಬಿಗಿಡಲು ಹೋದ.

ತಿಮ್ಮಯ್ಯ ನನ್ನ ಕಡೆ ನೋಡಲಿಲ್ಲ. ಟೋಪಿಯನ್ನು ತಲೆಗೆ ಹಾಕಿಕೊಂಡು, ಬೆರಳಿನಿಂದ ಮೇಲಿನ ತಂತಿಯನ್ನು ಒಮ್ಮೆ ಮೀಟಿದರು. ಸೋಮವಾರ ಬಿಗಿದ ತಂತಿ. ಅದರ ದನಿ ಬೇಲಿಯುದ್ದಕ್ಕೂ ಹೋಗಿ, ಮೂಲೆಯ ಕಂಬಕ್ಕೆ ಬಡಿದು ವಾಪಸ್ಸು ಬಂತು.

“ನಾನು ಬಿಚ್ಚಿದೆ,” ಎಂದೆ.

ಡೆಕ್ಲನ್ ತಿರುಗಿದ. “ನೀನು?”

“ಒಂದು ಪಿನ್ನಿನಿಂದ.”

“ಯಾಕೆ?”

ಇಂಥ ಪ್ರಶ್ನೆಗೆ ಸಂಕ್ಷಿಪ್ತ ಉತ್ತರವಿಲ್ಲ. “ಒಳಗೆ ಸೆನ್ಸರ್ ಇದೆ ಅಂದುಕೊಂಡೆ. ಗಾರ್ಡಾಗಳದ್ದು. ನಾವು ಇಲ್ಲಿ ನುಸುಳಿ ಹೋಗೋದನ್ನ ಹಿಡಿಯೋಕೆ.”

“ಸೆನ್ಸರ್,” ಎಂದ ಡೆಕ್ಲನ್. ಜಾಯ್ನರನ್ನು ನೋಡಿದ. ನನ್ನನ್ನು ನೋಡಿದ. ಮತ್ತೆ ಜಾಯ್ನರನ್ನು ನೋಡಿದ. “ನೀನೇನು ಕೆಲಸ ಮಾಡೋದು?”

“ಸಾಫ್ಟ್‌ವೇರ್.”

ಡೆಕ್ಲನ್ ನಮ್ಮಿಬ್ಬರಿಗೂ ಬೆನ್ನು ಹಾಕಿ ಗೌರಿಯ ಕಡೆ ಮುಖ ಮಾಡಿ ನಿಂತ. ಭುಜ ಕುಲುಕುತ್ತಿತ್ತು. ಕೊನೆಗೆ ಕಣ್ಣೊರೆಸಿಕೊಂಡು ತಿರುಗಿ, “ಗ್ರ್ಯಾಂಡ್” ಎಂದ. ಈ ದೇಶದಲ್ಲಿ ಎಲ್ಲ ಸರಿಹೋಯಿತು ಎನ್ನುವುದಕ್ಕೂ ಇನ್ನು ಬಾಯಿ ಮುಚ್ಚು ಎನ್ನುವುದಕ್ಕೂ ಅದೊಂದೇ ಮಾತು. ಲಕೋಟೆಯಿಂದ ಕಾಗದ ತೆಗೆದು, ಹೊಸ ಕಂಬದ ತಲೆಯ ಮೇಲೆ ಇಟ್ಟು ಸಹಿ ಹಾಕಿ, ತಿಮ್ಮಯ್ಯನವರ ಕೈಗೆ ಕೊಟ್ಟ. ನನ್ನ ವರದಿಯನ್ನೂ ಕೇಳಿ ಇಸಿದುಕೊಂಡ. ಹೆಂಡತಿಗೆ ಓದಿ ಹೇಳಬೇಕಂತೆ. ಜೀಪು ಹತ್ತುವ ಮೊದಲು, ಈಗ ಹೇಳಿದ್ದನ್ನೇ ವಾಟ್ಸ್ಯಾಪ್ ಗುಂಪಿಗೂ ಬರೆ ಎಂದ.

ಅಲ್ಲೇ ನಿಂತು ಬರೆದೆ. ಬ್ರೀಡಾ ಅರ್ಧ ನಿಮಿಷದಲ್ಲಿ ಉತ್ತರ ಕಳಿಸಿದರು. ‘ನನಗೆ ಮೊದಲಿನಿಂದಲೂ ನಿನ್ನ ಮೇಲೇ ಅನುಮಾನ.’

ತಿಮ್ಮಯ್ಯ ಕಾಗದವನ್ನು ಎರಡು ಸಲ ಓದಿ, ಜಾಕೆಟ್ಟಿನ ಒಳಜೇಬಿಗೆ ಇಟ್ಟು ಜಿಪ್ಪು ಎಳೆದರು. ಆಮೇಲೆ ನೋಟ್‌ಬುಕ್ ತೆಗೆದು, ಅದರ ಹಾಳೆಗಳ ನಡುವಿನಿಂದ ನನ್ನ ಪಿನ್ ಎತ್ತಿ ಬೇಲಿಯ ಮೇಲಿಂದ ಚಾಚಿದರು.

“ಭಾನುವಾರವೇ ಸಿಕ್ಕಿತ್ತು. ಹುಲ್ಲಿನಾಗೆ.”

“ಮತ್ತೆ ಡೆಕ್ಲನ್ನಿಗೆ ಯಾಕೆ ತೋರಿಸಲಿಲ್ಲ?”

“ಪಿನ್ ಎಲ್ಲಾರ ಮನೆಯಾಗೂ ಇರ್ತದೆ. ನಾನು ಹೇಳಿದ್ರೆ, ಕೆಲಸ ಉಳಿಸ್ಕಳಾಕೆ ಯಾರ್ ಮೇಲೋ ಹಾಕ್ತಾವ್ನೆ ಅಂತಿದ್ದ. ಮಾಡಿದೋರ ಬಾಯಿಂದಲೇ ಬರ್ಬೇಕಿತ್ತು. ಅದಕ್ಕೇ ಬುಧವಾರ ನಿಮ್ಮ ಮನೆ ಬಾಗಿಲಿಗೆ ಬಂದಿದ್ದು.” ಮಿಷಿನ್ನು ಹೆಗಲಿಗೇರಿಸಿಕೊಂಡರು. “ಅಕ್ಕಾವ್ರು ಒಳ್ಳೇರು. ಅವ್ರು ಬಿಗೀತಾರೆ ಅಂತ ನಂಬಿಕೆ ಇತ್ತು.”

“ಯಾರನ್ನೂ ನಂಬಲ್ಲ ಅಂದಿದ್ರಿ?”

“ನಿಮ್ಮನ್ನಲ್ಲವಲ್ಲ ನಂಬಿದ್ದು.”

ಕ್ಷಮೆ ಕೇಳಬೇಕಿತ್ತು. ಆದರೆ ಕ್ಷಮೆ ಕೇಳಿ ಅಭ್ಯಾಸವಿಲ್ಲದವನು ಅಂಥ ಹೊತ್ತಿನಲ್ಲಿ ತಿಳಿವಳಿಕೆಯ ಮಾತಾಡುತ್ತಾನೆ. ನಾನು ಒಂದು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ಬೇಲಿಯನ್ನು ಕೆಳಗಿನಿಂದ ಮೇಲಿನ ತನಕ ಪರಿಶೀಲಿಸಿದೆ. ಗೌರಿ ನಿಧಾನವಾಗಿ ಬಂದು ತಿಮ್ಮಯ್ಯನವರ ಭುಜದ ಹಿಂದೆ ಮೂತಿ ಇಟ್ಟು ನಿಂತಿತು.

“ಅಲ್ಲ ತಿಮ್ಮಯ್ಯನವರೇ, ಇಷ್ಟು ಸಾಧು ಪ್ರಾಣಿ. ಪಾಪ, ತುಂಬಿದ ಹೊಟ್ಟೆ ಬೇರೆ. ಇಂಥದ್ದೊಂದು ಕುದುರೆ ತಡೆಯೋಕೆ ಆರು ತಂತಿ ಯಾಕೆ ಬೇಕು?”

ತಿಮ್ಮಯ್ಯ ನನ್ನನ್ನೊಮ್ಮೆ, ನನ್ನ ಕೈಯಲ್ಲಿದ್ದ ಪಿನ್ನನ್ನೊಮ್ಮೆ ನೋಡಿದರು.

“ಕುದುರೆಗೆ ಒಂದೇ ಸಾಕು ಸಾರ್. ಮಿಕ್ಕಿದ್ದು ಐದೂ ನಿಮಗೆ.”